ನಾಟ್ಯ ವಿದುಷಿ ಡಾ. ಕೆ. ವೆಂಕಟಲಕ್ಷಮ್ಮ (1906–2002)

ಮೈಸೂರು ಶೈಲಿಯ ಭರತನಾಟ್ಯ ಪರಂಪರೆಯನ್ನು ಅರಮನೆಯ ಕಾಲದಿಂದ ವಿಶ್ವವಿದ್ಯಾನಿಲಯದ ಕಾಲಕ್ಕೆ ತಲುಪಿಸಿದ ಕಲಾವಿದರಲ್ಲಿ ಡಾ. ಕೆ. ವೆಂಕಟಲಕ್ಷಮ್ಮನವರು ಅಗ್ರಗಣ್ಯರು. ಹನ್ನೆರಡನೆಯ ವಯಸ್ಸಿನಲ್ಲಿ ರಂಗಪ್ರವೇಶ ಮಾಡಿದ ಇವರು ತಮ್ಮ ಬಾಳನ್ನೆಲ್ಲ ಈ ಕಲೆಗೆ ಮುಡಿಪಾಗಿಟ್ಟರು.

ಜನನ ಮತ್ತು ಬಾಲ್ಯ

ವೆಂಕಟಲಕ್ಷಮ್ಮನವರು 1906ರ ಮೇ 29ರಂದು ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದಲ್ಲಿ ಲಂಬಾಣಿ ಸಮುದಾಯದ ಕುಟುಂಬದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಮೈಸೂರಿಗೆ ಬಂದು, ಪ್ರಸಿದ್ಧ ನಾಟ್ಯಗುರು ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. 1857ರಲ್ಲಿ ಜನಿಸಿದ ತಾಯಮ್ಮನವರು ಮಹಾರಾಜರ ಆಸ್ಥಾನದಲ್ಲಿ ನರ್ತಿಸಿ, ಅಭಿನಯಕ್ಕೆ ಹೆಸರಾಗಿದ್ದವರು.

ಆ ದಿನಗಳಲ್ಲಿ ನೃತ್ಯ ಕಲಿಯುವುದು ಸುಲಭದ ನಿರ್ಧಾರವಾಗಿರಲಿಲ್ಲ. ಮುಜರಾಯಿ ದೇವಾಲಯಗಳಲ್ಲಿನ ದೇವದಾಸಿ ಸೇವೆಯನ್ನು ಮೈಸೂರು ಸರ್ಕಾರವು 1909ರಲ್ಲಿಯೇ ರದ್ದುಪಡಿಸಿತ್ತು. ಅನಿಷ್ಟ ಪದ್ಧತಿಯನ್ನು ತಡೆಯುವುದಕ್ಕೆ ಇದು ಅಗತ್ಯವಾಗಿದ್ದರೂ, ಅದರೊಡನೆ ನೃತ್ಯಕಲೆಗೆ ದೇವಾಲಯದಲ್ಲಿದ್ದ ನೆಲೆಯೂ ತಪ್ಪಿತು. ನರ್ತಿಸುವ ಹೆಣ್ಣುಮಕ್ಕಳನ್ನು ಸಮಾಜವು ಗೌರವದಿಂದ ಕಾಣುತ್ತಿರಲಿಲ್ಲ. ಕಲೆಗೆ ಮೈಸೂರಿನಲ್ಲಿ ಮುಖ್ಯವಾಗಿ ಉಳಿದಿದ್ದ ಆಸರೆಗಳೆಂದರೆ ಅರಮನೆ ಹಾಗೂ ಗುರುಗಳ ಮನೆ.

ರಂಗಪ್ರವೇಶ

ಇಂತಹ ಸನ್ನಿವೇಶದಲ್ಲಿ, 1918ರ ಸುಮಾರಿಗೆ ವೆಂಕಟಲಕ್ಷಮ್ಮನವರ ರಂಗಪ್ರವೇಶ ನೆರವೇರಿತು. ತಮಿಳಿನಲ್ಲಿ ಅರಂಗೇಟ್ರಂ ಎನಿಸಿಕೊಳ್ಳುವ ರಂಗಪ್ರವೇಶವು ಶಿಷ್ಯೆಯೊಬ್ಬಳು ಗುರು ಹಾಗೂ ಬಲ್ಲವರ ಸಮ್ಮುಖದಲ್ಲಿ ಮೊದಲ ಬಾರಿಗೆ ಏಕಾಂಗಿಯಾಗಿ ಪೂರ್ಣ ಕಾರ್ಯಕ್ರಮ ನೀಡುವ ಸಂದರ್ಭವಾಗಿದೆ. ಭರತನಾಟ್ಯದ ಸಾಂಪ್ರದಾಯಿಕ ಕ್ರಮದಂತೆ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ ಹಾಗೂ ತಿಲ್ಲಾನಗಳು ಒಂದಾದ ಮೇಲೊಂದರಂತೆ ಬರುತ್ತವೆ. ಇವುಗಳಲ್ಲಿ ವರ್ಣವು ಅತ್ಯಂತ ದೀರ್ಘವಾದುದು. ಲಯ, ಅಭಿನಯ ಮತ್ತು ದೇಹಶಕ್ತಿ ಮೂರನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ರಂಗಪ್ರವೇಶವು ಕಲಿಕೆಯ ಮುಕ್ತಾಯವಲ್ಲ. ವೆಂಕಟಲಕ್ಷಮ್ಮನವರು ಅದರ ಅನಂತರವೂ ದೀರ್ಘಕಾಲ ತಾಯಮ್ಮನವರ ಬಳಿಯಲ್ಲಿಯೇ ಅಭ್ಯಾಸ ಮುಂದುವರಿಸಿದರು. ಜೊತೆಗೆ ವಿದ್ವಾಂಸರಿಂದ ಸಂಸ್ಕೃತವನ್ನೂ ಕರ್ನಾಟಕ ಸಂಗೀತವನ್ನೂ ಕಲಿತರು.

ಆಸ್ಥಾನ ವಿದುಷಿ

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಇವರನ್ನು ಆಸ್ಥಾನ ವಿದುಷಿಯನ್ನಾಗಿ ನೇಮಿಸಿದರು. ಮುಂದೆ ಜಯಚಾಮರಾಜ ಒಡೆಯರ್ ಅವರ ಕಾಲದಲ್ಲಿಯೂ ಇವರ ಸೇವೆ ಮುಂದುವರಿಯಿತು.

ಅಭಿನಯವು ಮೈಸೂರು ಶೈಲಿಯ ಜೀವಾಳ. ಸಾಹಿತ್ಯದ ಒಂದೇ ಸಾಲಿಗೆ ಬಗೆಬಗೆಯ ಭಾವಗಳನ್ನು ಕಣ್ಣು, ಹುಬ್ಬು ಹಾಗೂ ಹಸ್ತಗಳಿಂದ ವಿಸ್ತರಿಸಿ ತೋರುವುದರಲ್ಲಿ ವೆಂಕಟಲಕ್ಷಮ್ಮನವರು ಸಿದ್ಧಹಸ್ತರಾಗಿದ್ದರು. ಜಯದೇವನ ಅಷ್ಟಪದಿಗಳು, ಅಮರುಶತಕದ ಶ್ಲೋಕಗಳು ಮತ್ತು ಜಾವಳಿಗಳು ಈ ಪರಂಪರೆಯ ಪ್ರಮುಖ ಕೃತಿಗಳು. ಅಷ್ಟಪದಿಯಲ್ಲಿ ರಾಧೆಯ ವಿರಹವು ಮೇಲ್ನೋಟಕ್ಕೆ ಶೃಂಗಾರವಾಗಿ ಕಂಡರೂ, ಜೀವವು ದೇವರಿಗಾಗಿ ಹಂಬಲಿಸುವ ಭಕ್ತಿಯೇ ಅದರ ಒಳ ಅರ್ಥವೆಂದು ಭಾವಿಸಲಾಗುತ್ತದೆ.

ಬೋಧನೆ ಮತ್ತು ಪ್ರಶಸ್ತಿಗಳು

ಗುರು ತಾಯಮ್ಮನವರು 1947ರಲ್ಲಿ ನಿಧನರಾದರು. ಅದೇ ಕಾಲದಲ್ಲಿ ರಾಜಾಳ್ವಿಕೆಯೂ ಕೊನೆಗೊಂಡು, ಕಲೆಗೆ ಹೊಸ ನೆಲೆ ಬೇಕಾಯಿತು. ವೆಂಕಟಲಕ್ಷಮ್ಮನವರು ಭಾರತೀಯ ನೃತ್ಯ ನಿಕೇತನ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಶಿಷ್ಯರನ್ನು ತಯಾರು ಮಾಡಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯ ಶಿಕ್ಷಣವನ್ನು ಆರಂಭಿಸಿದಾಗ ಅದರ ಮೊದಲ ರೀಡರ್ ಆಗಿ ನೇಮಕಗೊಂಡು, 1974ರಲ್ಲಿ ನಿವೃತ್ತರಾದರು. ಗುರುವಿನ ಮನೆಯಲ್ಲಿ ಕಲಿತ ವಿದ್ಯೆ ಹೀಗೆ ತರಗತಿಯ ಪಾಠವಾಯಿತು.

ಇವರು 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1977ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಹಾಗೂ 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಭಾಜನರಾದರು. 2002ರ ಜುಲೈ 1ರಂದು, ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು.

ತಾಂಡ್ಯದಲ್ಲಿ ಹುಟ್ಟಿದ ಬಾಲಕಿಯೊಬ್ಬಳು ಆಸ್ಥಾನ ಹಾಗೂ ವಿಶ್ವವಿದ್ಯಾನಿಲಯ ಎರಡರಲ್ಲಿಯೂ ಸ್ಥಾನ ಪಡೆದ ಈ ಜೀವನವು, ಕಲಾ ಶಿಕ್ಷಣಕ್ಕೆ ನೆರವು ಕೋರಿ ಅರ್ಜಿ ಸಲ್ಲಿಸುವ ಗ್ರಾಮೀಣ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಮಾದರಿಯಾಗಿದೆ. ಅರ್ಜಿಯಲ್ಲಿ ಬರೆಯುವ ಗುರುಗಳ ಹೆಸರಿನ ಹಿಂದೆ ಇಂತಹ ಹಲವು ತಲೆಮಾರುಗಳ ಶ್ರಮವಿರುತ್ತದೆ ಎಂಬುದನ್ನು ಎಲ್ಲರೂ ನೆನೆಯಬೇಕಾಗಿದೆ.