ಮುನಿಸಿಪಾಲಿಟಿಯಲ್ಲಿ ಜ್ಯೋತಿಬಾ ಫುಲೆ

ಪುಣೆಯಲ್ಲಿ ಓದುವ ಕನ್ನಡಿಗ ವಿದ್ಯಾರ್ಥಿಗಳಲ್ಲಿ ಮಹಾತ್ಮಾ ಫುಲೆ ಮಂಡಯಿ ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. ನಡುವೆ ಎಂಟು ಮೂಲೆಯ ಗೋಪುರವಿರುವ ದೊಡ್ಡ ಕಾಯಿಪಲ್ಲೆ ಮಾರುಕಟ್ಟೆ ಅದು. ಆದರೆ ಅದನ್ನು ಕಟ್ಟುವ ಮಾತು ಬಂದಾಗ ಬೇಡವೆಂದು ವಿರೋಧಿಸಿದವರು ಸ್ವತಃ ಫುಲೆಯವರೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಜ್ಯೋತಿಬಾ ಅಂದ್ರೆ ಸಮಾಜ ಸುಧಾರಕರು ಅಂತ ಪಾಠ ಓದಿ ಮುಗಿಸುತ್ತೇವೆ. ಅವರು ಆರು ವರ್ಷ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. ನಾನು ಕಾಮರ್ಸ್ ಓದುವವನಾದ್ದರಿಂದ ನನಗೆ ಆ ಜ್ಯೋತಿಬಾನೇ ಹೆಚ್ಚು ಹತ್ತಿರ.

1827ರಲ್ಲಿ ಹುಟ್ಟಿದ ಅವರದು ಮಾಳಿ ಮನೆತನ. ಪೇಶ್ವೆಯವರಿಗೆ ಹೂವು ಪೂರೈಸುತ್ತಿದ್ದುದರಿಂದ ಫುಲೆ ಅಂತ ಹೆಸರು ಬಂತು. ತಂದೆ ಗೋವಿಂದರಾವ್. ಹುಡುಗ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತ. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, ಹೆಂಡತಿ ಸಾವಿತ್ರಿಬಾಯಿಯನ್ನೇ ಮಾಸ್ತರಿಣಿಯನ್ನಾಗಿ ಮಾಡಿದರು. ಮರುವರ್ಷ ಜನರ ಒತ್ತಾಯಕ್ಕೆ ಮಣಿದ ತಂದೆ ಮಗ-ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರು. 1868ರಲ್ಲಿ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. 1873ರಲ್ಲಿ ಸತ್ಯಶೋಧಕ ಸಮಾಜ. ಇವೆಲ್ಲ ಎಲ್ಲರಿಗೂ ತಿಳಿದದ್ದೇ.

ಇನ್ನು ಹೊಟ್ಟೆಪಾಡಿನ ಸಂಗತಿ. ಫುಲೆ ಕಂತ್ರಾಟುದಾರರಾಗಿದ್ದರು. ಖಡಕವಾಸಲಾ ಆಣೆಕಟ್ಟು ಕಟ್ಟುವಾಗ ಸಾಮಗ್ರಿ ಪೂರೈಸಿದವರಲ್ಲಿ ಅವರೂ ಒಬ್ಬರು. ಮಾಂಜರಿಯಲ್ಲಿ ಹೊಲವಿತ್ತು. ಅಂದರೆ ಕಲ್ಲಿನ ರೇಟು ಗೊತ್ತು, ಕೂಲಿಯ ರೇಟೂ ಗೊತ್ತು, ಸರಕಾರಿ ಕೆಲಸದಲ್ಲಿ ಕೂಲಿಕಾರನ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನೋದೂ ಗೊತ್ತು. ಇಂಥವರನ್ನು 1876ರಲ್ಲಿ ಸರಕಾರ ಮುನಿಸಿಪಾಲಿಟಿಗೆ ನೇಮಿಸಿತು. ಆಗ ಚುನಾವಣೆ ಇರಲಿಲ್ಲ.

ಆಗಿನ ಪುಣೆ ಸಣ್ಣ ಶಹರ. ಜನಸಂಖ್ಯೆ ಸುಮಾರು ಒಂದು ಲಕ್ಷ. ರೈಲು ಬಂದು ಇಪ್ಪತ್ತು ವರ್ಷವಾಗಿತ್ತು, ಪೇಟೆಗಳು ಬೆಳೆಯುತ್ತಿದ್ದವು. ಮುನಿಸಿಪಾಲಿಟಿಗೆ ಮುಖ್ಯ ಆದಾಯ ಜಕಾತಿ. ಜಕಾತಿ ಅಂದ್ರೆ ಊರೊಳಗೆ ಬರುವ ಮಾಲಿನ ಮೇಲೆ ಹಾಕುವ ಸುಂಕ. ವ್ಯಾಪಾರಿ ಅದನ್ನು ಕೈಯಿಂದ ಕೊಡುವುದಿಲ್ಲ, ಬೆಲೆಗೆ ಸೇರಿಸಿ ಕೊಳ್ಳುವವನ ತಲೆಗೆ ಹಾಕುತ್ತಾನೆ. ಹೀಗೆ ಕೂಲಿ ಮಾಡುವವನೂ ನಗರಸಭೆಯ ಬೊಕ್ಕಸ ತುಂಬುತ್ತಾನೆ, ಆದರೆ ರಸೀದಿ ಮಾತ್ರ ಅವನ ಹೆಸರಿಗೆ ಇರುವುದಿಲ್ಲ. ಫುಲೆಯವರ ವಾದಗಳನ್ನೆಲ್ಲ ಈ ಲೆಕ್ಕ ಇಟ್ಟುಕೊಂಡು ನೋಡಿದರೆ ಸರಿಯಾಗಿ ಅರ್ಥವಾಗುತ್ತವೆ.

ಅವರು ಸದಸ್ಯರಾದಾಗಲೇ ದಖ್ಖಣಕ್ಕೆ ಭಯಂಕರ ಬರ ಬಂತು. ನಮ್ಮ ವಿಜಾಪುರ, ಧಾರವಾಡದ ಕಡೆಗೂ 1876ರಿಂದ 78ರ ಆ ಬರ ಜನರನ್ನು ನುಂಗಿತು. ಸತ್ಯಶೋಧಕ ಸಮಾಜ ಧನಕವಡಿಯಲ್ಲಿ ಬರಗಾಲದ ಮಕ್ಕಳಿಗೆ ಅನ್ನ ಹಾಕುತ್ತಿತ್ತು. ಅವರು ಸದಸ್ಯರಾಗಿದ್ದಾಗಲೇ ವೈಸರಾಯ್ ಲಾರ್ಡ್ ಲಿಟ್ಟನ್ನರ ಸ್ವಾಗತಕ್ಕೆ ಮುನಿಸಿಪಾಲಿಟಿ ಸಾವಿರ ರೂಪಾಯಿ ಖರ್ಚು ಮಾಡಬೇಕೆಂಬ ಪ್ರಸ್ತಾಪ ಬಂತು. ಸರಕಾರ ನೇಮಿಸಿದ ಸದಸ್ಯರು ಬೇಡ ಅಂತಾರೆಯೇ? ಎಲ್ಲರೂ ಹೂಂ ಎಂದರು. ಬೇಡ ಎಂದವರು ಫುಲೆ ಒಬ್ಬರೇ. ತೋರಣ ಕಟ್ಟುವ ದುಡ್ಡು ಬಡ ಮಕ್ಕಳ ಶಿಕ್ಷಣಕ್ಕೆ ಹೋಗಲಿ ಎಂಬುದು ಅವರ ನಿಲುವು. ಸೋತರು, ಅದು ಬೇರೆ ಮಾತು.

1880ರಲ್ಲಿ ಊರಲ್ಲಿ ಸೆರೆಯಂಗಡಿಗಳು ಹೆಚ್ಚಿದವು. ಫುಲೆ ಮುನಿಸಿಪಾಲಿಟಿಗೆ ಪತ್ರ ಬರೆದರು. ಒಂದು ಕೈಯಿಂದ ಜನರ ಆರೋಗ್ಯಕ್ಕೆ ದುಡ್ಡು ಖರ್ಚು ಮಾಡಿ, ಇನ್ನೊಂದು ಕಡೆ ಮನೆ ಹಾಳು ಮಾಡುವ ಅಂಗಡಿಗಳನ್ನು ಸುಮ್ಮನೆ ನೋಡುತ್ತಾ ಕೂತರೆ ಹೇಗೆ ಎಂಬುದು ಅವರ ವಾದದ ತಿರುಳು. ಸರಕಾರಕ್ಕೆ ಅಬಕಾರಿ ಆದಾಯ ಬೇಕಿತ್ತು, ಇದನ್ನು ಕೇಳುವವರು ಕಡಿಮೆ.

ಕೊನೆಗೆ ಮಾರುಕಟ್ಟೆ. ಬಯಲಲ್ಲಿ ಕೂತು ಮಾರುತ್ತಿದ್ದವರಿಗೆ ಭಾರಿ ಕಟ್ಟಡ ಕಟ್ಟುವ ಯೋಜನೆ. ಫುಲೆ ಸ್ವತಃ ಮಾಳಿಗರು, ಕಾಯಿಪಲ್ಲೆ ಬೆಳೆಯುವವರ, ಮಾರುವವರ ಕಷ್ಟ ಅವರಿಗಿಂತ ಬೇರೆ ಯಾರಿಗೆ ಗೊತ್ತು? ಆದರೂ ಶಾಲೆಗೆ ಹಣವಿಲ್ಲದಾಗ ಈ ವೈಭವ ಬೇಡ ಎಂದರು. ನನಗಂತೂ ಇಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಮಳೆಗಾಲದಲ್ಲಿ ಮಾರುವ ಹೆಂಗಸಿಗೆ ಮೇಲೊಂದು ಸೂರು ಬೇಡವೇ? ಆದರೆ ಸೂರು ಬೇರೆ, ಗೋಪುರ ಬೇರೆ. ಕಟ್ಟಡ ಎದ್ದಿತು. 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ತೆರೆಯಿತು. ಐವತ್ತು ವರ್ಷದ ನಂತರ ಮುನಿಸಿಪಾಲಿಟಿಯೇ ಆ ಹೆಸರು ತೆಗೆದು ಫುಲೆಯವರ ಹೆಸರಿಟ್ಟಿತು!

1882ರಲ್ಲಿ ಸದಸ್ಯತ್ವ ಮುಗಿಯಿತು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗಕ್ಕೆ ಮನವಿ ಕೊಟ್ಟರು. ಅದರಲ್ಲಿ ತಮ್ಮನ್ನು ವ್ಯಾಪಾರಿ, ಒಕ್ಕಲಿಗ, ಮುನಿಸಿಪಲ್ ಕಮಿಶನರ್ ಎಂದು ಪರಿಚಯಿಸಿಕೊಂಡಿದ್ದಾರೆ, ಸುಧಾರಕ ಎಂದಲ್ಲ. ತೆರಿಗೆ ಬರುವುದು ರೈತನಿಂದ, ಖರ್ಚಾಗುವುದು ಮೇಲಿನವರ ಮಕ್ಕಳ ಉಚ್ಚ ಶಿಕ್ಷಣಕ್ಕೆ ಎಂದು ತಕರಾರು ಮಾಡಿದರು. ಹನ್ನೆರಡು ವಯಸ್ಸಿನವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ, ಮುನಿಸಿಪಾಲಿಟಿಗಳೂ ಅದಕ್ಕೆ ಹಣ ಕೊಡಲಿ ಎಂದು ಕೇಳಿದರು. ನಗರಸಭೆಯಲ್ಲಿ ಒಬ್ಬರೇ ಕೂತು ಹೇಳುತ್ತಿದ್ದುದನ್ನೇ ಇಲ್ಲಿ ಇಡೀ ದೇಶಕ್ಕಾಗಿ ಹೇಳಿದಂತಾಯಿತು.

1888ರಲ್ಲಿ ಮುಂಬಯಿಯ ಜನ ಮಹಾತ್ಮ ಎಂದು ಗೌರವಿಸಿದರು. ಅದೇ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಯಿಂದ ಬರೆಯುತ್ತಾ ಕೊನೆಯ ಪುಸ್ತಕ ಮುಗಿಸಿದರು. ಅಷ್ಟೊತ್ತಿಗೆ ಕಂತ್ರಾಟಿನ ದುಡ್ಡೆಲ್ಲ ಕರಗಿ, ಗೆಳೆಯರು ಬರೋಡಾ ಮಹಾರಾಜರಿಗೆ ಸಹಾಯ ಕೇಳಿ ಬರೆಯಬೇಕಾಯಿತು. 28 ನವೆಂಬರ್ 1890ರಂದು ತೀರಿಕೊಂಡರು. ಸಾವಿತ್ರಿಬಾಯಿ ಇನ್ನೂ ಏಳು ವರ್ಷ ಸಮಾಜದ ಕೆಲಸ ನಡೆಸಿ, 1897ರಲ್ಲಿ ಇದೇ ಪುಣೆಯಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ ತಾವೂ ಪ್ಲೇಗಿಗೆ ಬಲಿಯಾದರು.