ಫರ್ಡಿನಾಂಡ್ ಕಿಟ್ಟೆಲ್: ಕಲಿಸಲು ಬಂದು ಕಲಿತವರು

ಪರದೇಶಕ್ಕೆ ಹೋಗುವುದು ನಮ್ಮ ಕರಾವಳಿಯ ಕುಟುಂಬಗಳಿಗೆ ಹೊಸತಲ್ಲ. ಶಿಕ್ಷಕರಾಗಿ, ದಾದಿಯರಾಗಿ ನಮ್ಮ ಮಕ್ಕಳು ಒಬ್ಬೊಬ್ಬರೇ ವಿಮಾನ ಹತ್ತುವುದನ್ನು ಪ್ರತಿಯೊಂದು ಧರ್ಮಕೇಂದ್ರವೂ ಕಂಡಿದೆ. ಆದರೆ 1853ರಲ್ಲಿ 21 ವರ್ಷದ ಯುವಕನೊಬ್ಬ ಜರ್ಮನಿಯಿಂದ ನಮ್ಮ ನಾಡಿಗೆ ಬಂದ. ಕಲಿಸಲು ಬಂದ ಆತ ಜೀವಮಾನವಿಡೀ ವಿದ್ಯಾರ್ಥಿಯಾಗಿ ಉಳಿದ. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ ಅವರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ತೀರದ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. ತಂದೆ ಪ್ರೊಟೆಸ್ಟೆಂಟ್ ಸಭೆಯ ಪಾಲಕರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಗುರುಮಠವನ್ನು ಸೇರಿ, ಮೂರು ವರ್ಷಗಳ ತರಬೇತಿಯ ಬಳಿಕ ಭಾರತಕ್ಕೆ ನೇಮಕಗೊಂಡರು. ಆಗಿನ್ನೂ ಸೂಯೆಜ್ ಕಾಲುವೆ ತೆರೆದಿರಲಿಲ್ಲ. ಊರು ಬಿಟ್ಟವರು ಮರಳಿ ತಾಯಿತಂದೆಯರ ಮುಖ ನೋಡುವ ಭರವಸೆ ಕಡಿಮೆಯೇ.

ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ಮತ್ತು 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳನ್ನು ತೆರೆದಿತ್ತು. ಕಿಟ್ಟೆಲ್ ಅವರು ಸೇವೆ ಆರಂಭಿಸಿದ್ದು ಈ ಸೀಮೆಯಲ್ಲಿ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಪ್ಪು ಎರೆಭೂಮಿ. ದಕ್ಷಿಣಕ್ಕೆ ಕಲಘಟಗಿ ಕಡೆಯ ಕಾಡು. ರೈಲು ಬರಲು ಇನ್ನೂ ಮೂವತ್ತು ವರ್ಷ ಇತ್ತು. ಚಕ್ಕಡಿ ಹೂಡಬೇಕು, ಇಲ್ಲವೇ ನಡೆಯಬೇಕು. ಕಿಟ್ಟೆಲ್ ಅವರು ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿದರು. ಜನರ ಮಾತು, ಗಾದೆ, ಹಾಡುಗಳಿಗೆ ಕಿವಿಗೊಟ್ಟರು. ಜನರ ಭಾಷೆ ತಿಳಿಯದವನು ಜನರಿಗೆ ಏನನ್ನೂ ಹೇಳಲಾರ ಎಂಬುದು ಅವರ ನಂಬಿಕೆಯಾಗಿತ್ತು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಬಂಗಲೆಯ ಬದುಕನ್ನು ಬಿಟ್ಟು ಜನರಿಗೆ ಹತ್ತಿರವಾಗಬೇಕೆಂಬ ಅವರ ಹಂಬಲವನ್ನು ಮಿಷನ್‌ನ ಮೇಲಿನವರು ಮೆಚ್ಚಲಿಲ್ಲ. ತಮ್ಮವರ ನಡುವೆಯೇ ಅವರು ಒಂಟಿಯಾದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ಸೇವೆ ಸಲ್ಲಿಸಿದರು. 1862ರಲ್ಲಿ ಪ್ರಭು ಯೇಸುವಿನ ಜೀವನವನ್ನು ಕನ್ನಡ ಕಾವ್ಯದ ಧಾಟಿಯಲ್ಲಿ ಹೇಳುವ 'ಕಥಾಮಾಲೆ'ಯನ್ನು ಹೊರತಂದರು. 1864ರಲ್ಲಿ ಪತ್ನಿ ಪೌಲೀನಾ ನಿಧನರಾದರು. ಕೆಲವು ವರ್ಷಗಳ ಅನಂತರ ಆಕೆಯ ಸಹೋದರಿ ಯೂಲಿಯಾ ಅವರನ್ನು ವಿವಾಹವಾದರು. ಈ ಕಷ್ಟಗಳ ನಡುವೆಯೂ ಅಧ್ಯಯನ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ಮತ್ತು 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದಕತ್ವದಲ್ಲಿ ಮುದ್ರಣಗೊಂಡವು.

ಆಗ ಇದ್ದದ್ದು ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ಕೋಶ. ಅದು ಪ್ರಕಟವಾದದ್ದು ಕಿಟ್ಟೆಲ್ ಅವರು ಹುಟ್ಟಿದ ವರ್ಷವೇ. ಅದಕ್ಕಿಂತ ವಿಸ್ತಾರವಾದ ನಿಘಂಟು ಬೇಕಿತ್ತು. 1877ರಲ್ಲಿ ಜರ್ಮನಿಗೆ ಮರಳಿದ್ದ ಕಿಟ್ಟೆಲ್ ಅವರು ಈ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಈ ಸಲ ಐವತ್ತು ದಾಟಿದ ವಯಸ್ಸು. ಪತ್ನಿ ಮತ್ತು ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಬಂದಿದ್ದರು. ಮೊದಲ ಪಯಣದಲ್ಲಿ ಯೌವನದ ಉತ್ಸಾಹವಿತ್ತು. ಎರಡನೆಯದರ ಬೆಲೆಯನ್ನು ಮನೆಯವರೂ ತೆತ್ತರು. ಆರೋಗ್ಯ ಹದಗೆಟ್ಟು 1892ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು.

1894ರಲ್ಲಿ ನಿಘಂಟು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಪುಟಗಳು 1,700ಕ್ಕೂ ಹೆಚ್ಚು. ಪದಗಳು ಸುಮಾರು 70,000. ಹಳಗನ್ನಡ ಕಾವ್ಯಗಳ ಪದಗಳ ಜೊತೆಗೆ ಮನೆ, ಹೊಲ, ಸಂತೆಗಳ ಮಾತುಗಳೂ ಗಾದೆಗಳೂ ಅದರಲ್ಲಿ ಇವೆ. ಕೆಲವು ಪದಗಳ ಮುಂದೆ ಅವು ಯಾವ ಸೀಮೆಯವು ಎಂಬ ಗುರುತೂ ಇದೆ. ಮೈಸೂರಿಗೆ ಒಂದು ಗುರುತು. ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಧಾರವಾಡದ ಕಡೆಯ ಪದಗಳಿಗೆ ಇನ್ನೊಂದು. ಆ ಕಾಲದಲ್ಲಿ ಧಾರವಾಡ ಮುಂಬಯಿ ಪ್ರಾಂತಕ್ಕೆ, ಮಂಗಳೂರು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಮೈಸೂರಿನಲ್ಲಿ ಅರಸರ ಆಳ್ವಿಕೆ. ಆಡಳಿತದಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರ ಮಾತುಗಳು ಏಕೀಕರಣಕ್ಕೆ 62 ವರ್ಷ ಮೊದಲೇ ಈ ಒಂದು ಗ್ರಂಥದಲ್ಲಿ ಕೂಡಿದವು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಅವರು ಇಹಲೋಕ ತ್ಯಜಿಸಿದರು. ಧಾರವಾಡದ ಕಿಟ್ಟೆಲ್ ಕಾಲೇಜು ಅವರ ಹೆಸರನ್ನು ಉಳಿಸಿಕೊಂಡಿದೆ.

ಕಿಟ್ಟೆಲ್ ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಬೋಧಕರಾಗಿ ಅವರು ಎಷ್ಟು ಜನರನ್ನು ಗೆದ್ದರು ಎಂದು ಇಂದು ಯಾರೂ ಕೇಳುವುದಿಲ್ಲ. ಜನರಿಂದ ಕೇಳಿ ಕಲಿತು ಬರೆದಿಟ್ಟದ್ದು ಮಾತ್ರ ಎಲ್ಲ ಮತದ ಕನ್ನಡಿಗರ ಆಸ್ತಿಯಾಗಿದೆ. ಹೊಸ ಊರಿಗೆ ವರ್ಗವಾಗಿ ಹೋಗುವ ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು, ಪರದೇಶದ ತರಗತಿಗೆ ಕಾಲಿಡುವ ನಮ್ಮ ಯುವ ಶಿಕ್ಷಕರು ಇದನ್ನು ನೆನಪಿಟ್ಟರೆ ಒಳ್ಳೆಯದು. ಮೊದಲ ದಿನವೇ ಮಾತಾಡಲು ಅವಸರ ಬೇಡ. ಆ ಊರಿನವರು ತಮ್ಮ ದಿನದ ಅನ್ನಕ್ಕೆ, ನೀರಿಗೆ, ನೋವಿಗೆ ಏನೆನ್ನುತ್ತಾರೆ ಎಂದು ಮೊದಲು ಕೇಳಿ ತಿಳಿಯೋಣ. ಹಾಗೆಯೇ, ಅಂಥವರನ್ನು ಕಳುಹಿಸಿಕೊಟ್ಟು ಮನೆಯಲ್ಲಿ ಕಾಯುವವರನ್ನೂ ನಮ್ಮ ಪ್ರಾರ್ಥನೆಯಲ್ಲಿ ಸ್ಮರಿಸೋಣ.