ಮೊದಲ ವರ್ಷದ ತರಗತಿಯ ಆಚಾರ್ಯ: ಪ್ರಫುಲ್ಲಚಂದ್ರ ರಾಯ್

ನಮ್ಮ ಮಕ್ಕಳಲ್ಲಿ ಡಾಕ್ಟರಾಗಬೇಕೆಂದು ಕಾಲೇಜು ಸೇರುವವರೆಲ್ಲ ಮೊದಲ ವರ್ಷವೇ ಎದುರಿಸಬೇಕಾದ ವಿಷಯ ಜನರಲ್ ಕೆಮಿಸ್ಟ್ರಿ. ದೊಡ್ಡ ಹಾಲಿನಲ್ಲಿ ನೂರಾರು ಜನರ ನಡುವೆ ಕುಳಿತು ಕೇಳುವ ಉಪನ್ಯಾಸ, ವಾರಕ್ಕೊಮ್ಮೆ ಲ್ಯಾಬು, ಬೆನ್ನು ಬಿಡದ ಪರೀಕ್ಷೆಗಳು. ಅಲ್ಲಿ ಬಂದ ಗ್ರೇಡು ನೋಡಿ ದಾರಿ ಬದಲಿಸಿದವರೂ ಉಂಟು. ಪಿ.ಯು.ಸಿ.ಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿ, ಬ್ಯುರೆಟ್ಟು ಪಿಪೆಟ್ಟು ಹಿಡಿದು ಮುಂದೆ ಬಂದ ನಮಗೂ ಆ ಆತಂಕ ಹೊಸದಲ್ಲ. ಈ ಆರಂಭದ ತರಗತಿಯೇ ಎಲ್ಲಕ್ಕಿಂತ ಮುಖ್ಯವೆಂದು ನಂಬಿ, ಅದನ್ನು ಬೇರೆಯವರಿಗೆ ಬಿಟ್ಟುಕೊಡದೆ ತಾವೇ ಪಾಠ ಹೇಳಿದ ಮಹನೀಯರೊಬ್ಬರು ನಮ್ಮ ದೇಶದಲ್ಲಿದ್ದರು. ಅವರೇ ಪಿ.ಸಿ. ರೇ ಎಂದು ಪ್ರಸಿದ್ಧರಾದ ಆಚಾರ್ಯ ಪ್ರಫುಲ್ಲಚಂದ್ರ ರಾಯ್.

ಪ್ರಫುಲ್ಲಚಂದ್ರರು ಹುಟ್ಟಿದ್ದು 1861ರ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾ ಜಿಲ್ಲೆಯ ರಾರುಲಿ ಗ್ರಾಮದಲ್ಲಿ. ತಂದೆ ಹರಿಶ್ಚಂದ್ರ ರಾಯ್ ವಿದ್ಯಾಭಿಮಾನಿಯಾದ ಜಮೀನ್ದಾರರು. ಕಲ್ಕತ್ತೆಯಲ್ಲಿ ಓದುತ್ತಿದ್ದ ಹುಡುಗನಿಗೆ 1874ರಲ್ಲಿ ತೀವ್ರ ಆಮಶಂಕೆಯಾಗಿ ಶಾಲೆ ಬಿಡಬೇಕಾಯಿತು. ಜೀರ್ಣಶಕ್ತಿ ಮತ್ತೆ ಪೂರ್ತಿ ಸುಧಾರಿಸಲಿಲ್ಲ. ಜೀವಮಾನವಿಡೀ ಮಿತಾಹಾರವೇ ಗತಿಯಾಯಿತು. ಆದರೆ ಮನೆಯಲ್ಲಿದ್ದ ಆ ದಿನಗಳಲ್ಲಿ ತಂದೆಯ ಪುಸ್ತಕ ಭಂಡಾರ ಅವರಿಗೆ ಶಾಲೆಯಾಯಿತು.

ಮುಂದೆ ವಿದ್ಯಾಸಾಗರರ ಮೆಟ್ರೊಪಾಲಿಟನ್ ಕಾಲೇಜಿಗೆ ಸೇರಿದರು. ಅಲ್ಲಿ ಫೀಸು ಕಡಿಮೆ, ಆದರೆ ರಸಾಯನಶಾಸ್ತ್ರಕ್ಕೆ ಅನುಕೂಲವಿರಲಿಲ್ಲ. ಆದ್ದರಿಂದ ಪ್ರೆಸಿಡೆನ್ಸಿ ಕಾಲೇಜಿಗೆ ಹೊರಗಿನ ವಿದ್ಯಾರ್ಥಿಯಾಗಿ ಹೋಗಿ ಅಲೆಕ್ಸಾಂಡರ್ ಪೆಡ್ಲರ್ ಅವರ ಉಪನ್ಯಾಸ ಕೇಳತೊಡಗಿದರು. ಮೇಜಿನ ಮೇಲೆ ಪೆಡ್ಲರ್ ನಾಜೂಕಾಗಿ ಮಾಡಿ ತೋರಿಸುತ್ತಿದ್ದ ಪ್ರಯೋಗಗಳು ಅವರನ್ನು ಸೆರೆಹಿಡಿದವು. ನೋಡಿದ್ದಷ್ಟೇ ಸಾಲದೆಂದು ಸಹಪಾಠಿಯೊಬ್ಬರ ಬಿಡಾರದಲ್ಲೇ ಪುಟ್ಟ ಪ್ರಯೋಗಶಾಲೆ ಹೂಡಿದರು. ಸಾಮಾನ್ಯ ತಗಡಿನ ಕೆಲಸದವನಿಂದ ಮಾಡಿಸಿದ ಆಕ್ಸಿಜನ್-ಹೈಡ್ರೋಜನ್ ಊದುಗೊಳವೆ ಒಮ್ಮೆ ಸಿಡಿದೇ ಹೋಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಸಾಹಿತ್ಯ ಚರಿತ್ರೆಗಳಲ್ಲಿ ಮುಳುಗಿದ್ದ ಹುಡುಗ ರಸಾಯನಶಾಸ್ತ್ರಕ್ಕೆ ಒಲಿದದ್ದು ಹೀಗೆ.

ಅಷ್ಟರಲ್ಲಿ ಮನೆತನದ ಆಸ್ತಿ ಕರಗುತ್ತಿತ್ತು. ವಿದೇಶದ ಓದಿಗೆ ವಿದ್ಯಾರ್ಥಿವೇತನವೊಂದೇ ದಾರಿ. ಹೆಚ್ಚು ಜನರಿಗೆ ಹೇಳದೆ ಓದಿ ಗಿಲ್‌ಕ್ರೈಸ್ಟ್ ಪರೀಕ್ಷೆ ಗೆದ್ದು, 1882ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕ್ರಮ್ ಬ್ರೌನ್ ಅವರ ಶಿಷ್ಯರಾಗಿ 1887ರಲ್ಲಿ ಡಿ.ಎಸ್ಸಿ. ಪದವಿ ಪಡೆದರು.

1888ರಲ್ಲಿ ಊರಿಗೆ ಮರಳಿದಾಗ ಕಾದಿದ್ದು ನಿರುದ್ಯೋಗ. ಸುಮಾರು ಒಂದು ವರ್ಷ, ಬಹುಪಾಲು ಗೆಳೆಯ ಜಗದೀಶಚಂದ್ರ ಬೋಸರ ಮನೆಯಲ್ಲಿ ಕಳೆದರು. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು; ಸಂಬಳ ತಿಂಗಳಿಗೆ 250 ರೂಪಾಯಿ. ಇಂಗ್ಲಿಷರಿಗೆ ಮೀಸಲಿನಂತಿದ್ದ ಮೇಲಿನ ಶ್ರೇಣಿ ಅವರಿಗೆ ದೊರೆಯಲಿಲ್ಲ. ಈ ಅನ್ಯಾಯವನ್ನು ಶಿಕ್ಷಣ ಇಲಾಖೆಯ ಮುಖ್ಯಸ್ಥರ ಮುಂದಿಟ್ಟಾಗ, ಅಷ್ಟು ಯೋಗ್ಯತೆಯಿದ್ದರೆ ಬೇರೆ ಉದ್ಯೋಗಗಳೂ ಇವೆಯಲ್ಲ ಎಂಬ ಅರ್ಥದ ಕೊಂಕು ಉತ್ತರ ಬಂತು. ಮಾತಿಗೆ ಮಾತು ಬೆಳೆಸದೆ ಅವರು ತರಗತಿಗೆ ನಡೆದರು.

ಎಡಿನ್‌ಬರೋದ ಡಾಕ್ಟರೇಟ್ ಇದ್ದರೂ ಹೊಸ ಹುಡುಗರ ಮುಂದೆ ನಿಲ್ಲುವುದನ್ನು ಅವರು ಹಗುರವಾಗಿ ಎಣಿಸಲಿಲ್ಲ. ಹಿರಿಯ ಪ್ರಯೋಗ ಸಹಾಯಕ ಚಂದ್ರಭೂಷಣ ಭಾದುರಿಯವರ ನೆರವು ಪಡೆದು, ತರಗತಿಯಲ್ಲಿ ತೋರಿಸಬೇಕಾದ ಪ್ರಯೋಗಗಳನ್ನು ಮುಂಚೆಯೇ ಮಾಡಿ ಕೈ ಪಳಗಿಸಿಕೊಂಡರು. ದೊಡ್ಡ ಪ್ರಾಧ್ಯಾಪಕರಾದ ಮೇಲೂ ಕೆಳಗಿನ ತರಗತಿಗಳನ್ನು ತಾವೇ ಇಟ್ಟುಕೊಂಡರು. ಹೈಸ್ಕೂಲಿನಿಂದ ಆಗತಾನೆ ಬಂದ ಮನಸ್ಸು ಹಸಿ ಮಣ್ಣಿನಂತೆ, ಆಗ ಕೊಟ್ಟ ಆಕಾರವೇ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಒಮ್ಮೆ ಮೂಳೆಯನ್ನು ಸುಟ್ಟು, ಆ ಬೂದಿಯನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ತೋರಿಸಿದರಂತೆ. ಯಾವ ಪ್ರಾಣಿಯ ಮೂಳೆಯಾದರೇನು, ಸುಟ್ಟ ಮೇಲೆ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಮಡಿ ಮೈಲಿಗೆಯ ಆ ಕಾಲದಲ್ಲಿ ಅದು ರಸಾಯನಶಾಸ್ತ್ರದ ಪಾಠವೂ ಹೌದು, ಬದುಕಿನ ಪಾಠವೂ ಹೌದು. ವಿಜ್ಞಾನ ತಾಯಿನುಡಿಯಲ್ಲಿ ತಲುಪಬೇಕೆಂದು ಬಂಗಾಳಿಯಲ್ಲೂ ಬರೆದರು.

ಮೂಳೆಯ ಕತೆ ತರಗತಿಗೇ ಮುಗಿಯಲಿಲ್ಲ. ಓದಿದ ಹುಡುಗರು ಗುಮಾಸ್ತಗಿರಿಗೆ ಅಲೆಯುವುದನ್ನು ನೋಡಲಾರದೆ, 1892ರಲ್ಲಿ ಸುಮಾರು 700 ರೂಪಾಯಿ ಬಂಡವಾಳದಿಂದ ಮನೆಯಲ್ಲೇ ಔಷಧ ತಯಾರಿಕೆ ಆರಂಭಿಸಿದರು. ಫಾಸ್ಫೇಟಿಗಾಗಿ ಕಸಾಯಿಖಾನೆಯ ಮೂಳೆಗಳನ್ನು ಮಾಳಿಗೆಯ ಮೇಲೆ ಒಣಹಾಕಿದರೆ ಕಾಗೆಗಳು ಅವನ್ನು ನೆರೆಮನೆಗಳಿಗೆ ಹಂಚಿದವು! ನೆರೆಯವರು ಸಿಟ್ಟಾದರು. ಊರಾಚೆ ಒಯ್ದು ರಾತ್ರಿ ಸುಡಲು ಹೋದರೆ, ಯಾರನ್ನೋ ಕೊಂದು ಸುಡುತ್ತಿದ್ದಾರೆಂದು ಪೊಲೀಸಿನವನಿಗೆ ಅನುಮಾನ. ಇಷ್ಟೆಲ್ಲ ದಾಟಿ 1901ರಲ್ಲಿ ಅದು ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಲಿಮಿಟೆಡ್ ಕಂಪನಿಯಾಯಿತು. ನಮ್ಮ ಅಜ್ಜಿಯರು ಬಲ್ಲ ಆಡುಸೋಗೆ, ನೆಲಬೇವು, ಓಮಗಳ ಸಾರ ಸೀಸೆಯಲ್ಲಿ ಡಾಕ್ಟರುಗಳ ಬಳಿ ತಲುಪಿತು. ಈ ಔಷಧಗಳನ್ನು ವೈದ್ಯರು ಒಪ್ಪುವಂತೆ ಮಾಡಿದ ಗೆಳೆಯ ಡಾ. ಅಮೂಲ್ಯಚರಣ ಬೋಸ್ 1898ರಲ್ಲಿ ಪ್ಲೇಗಿಗೆ ಬಲಿಯಾದರು. ವೈದ್ಯನಾದ ನನಗೆ ಆ ಹೆಸರನ್ನೂ ಇಲ್ಲಿ ನೆನೆಯಬೇಕೆನಿಸುತ್ತದೆ.

ಸಂಶೋಧನೆಯಲ್ಲೂ ಅವರು ಹಿಂದೆ ಬೀಳಲಿಲ್ಲ. ಪಾದರಸದ ಮೇಲೆ ತೆಳು ನೈಟ್ರಿಕ್ ಆಮ್ಲ ಬಿಟ್ಟಾಗ ಮೂಡಿದ ಹಳದಿ ಹರಳುಗಳು ಮರ್ಕ್ಯುರಸ್ ನೈಟ್ರೈಟ್ ಎಂದು 1896ರಲ್ಲಿ ಪ್ರಕಟಿಸಿದರು. ಪ್ರಾಚೀನ ಭಾರತದ ರಸಶಾಸ್ತ್ರದ ಇತಿಹಾಸವನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು.

ಆದರೆ ಅವರ ನಿಜವಾದ ಆಸ್ತಿ ಶಿಷ್ಯರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ, ನೀಲರತನ ಧರ್, ಜ್ಞಾನಚಂದ್ರ ಘೋಷ್ ಎಲ್ಲರೂ ಅವರ ಮುಂದೆ ಕುಳಿತವರೇ. ಘೋಷರು 1939ರಿಂದ 1948ರವರೆಗೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಹೀಗೆ ಕಲ್ಕತ್ತೆಯ ಆ ತರಗತಿಯ ದೀಪ ನಮ್ಮ ನಾಡಿನಲ್ಲೂ ಬೆಳಗಿತು.

1916ರಲ್ಲಿ ಪ್ರೆಸಿಡೆನ್ಸಿಯಿಂದ ನಿವೃತ್ತರಾಗಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜು ಸೇರಿದರು. 1921ರಲ್ಲಿ ಅರವತ್ತು ತುಂಬಿದ ಮೇಲೆ, 1936ರವರೆಗೆ ತಮ್ಮ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1922ರಲ್ಲಿ ಉತ್ತರ ಬಂಗಾಳ ನೆರೆಗೆ ಸಿಕ್ಕಾಗ ಪರಿಹಾರ ಕಾರ್ಯದ ಮುಂದಾಳತ್ವ ವಹಿಸಿದರು. ಮದುವೆಯಾಗದೆ, ಕಾಲೇಜಿನ ಒಂದು ಕೋಣೆಯಲ್ಲೇ ವಿದ್ಯಾರ್ಥಿಗಳೊಡನೆ ಸರಳವಾಗಿ ಬಾಳಿ, 1944ರ ಜೂನ್ 16ರಂದು ಅಲ್ಲಿಯೇ ಕಣ್ಣು ಮುಚ್ಚಿದರು.

ಜನರಲ್ ಕೆಮಿಸ್ಟ್ರಿ ಜರಡಿಯಲ್ಲ, ಬಾಗಿಲು ಎಂದು ತಿಳಿದ ಗುರು ಇವರು. ಮೊದಲ ಸೆಮಿಸ್ಟರಿನ ಭಾರಕ್ಕೆ ಕುಗ್ಗಿದ ಮಗನೋ ಮಗಳೋ ಮನೆಗೆ ಫೋನು ಮಾಡಿದಾಗ ಗ್ರೇಡು ಕೇಳುವ ಮೊದಲು, ಈ ವಾರ ಲ್ಯಾಬಿನಲ್ಲಿ ಏನು ಕಂಡೆ ಎಂದು ಕೇಳೋಣ. ಬೇರೆ ಕಾಲೇಜಿನ ಬೆಂಚಿನ ಮೇಲೆ ಕುಳಿತು ಕಣ್ಣರಳಿಸಿದ್ದ ಆ ಬಡಕಲು ಹುಡುಗನ ಕತೆಯನ್ನೂ ಹೇಳೋಣ.